ದೊಡ್ಡ ಹಣಕಾಸು ಸಂಸ್ಥೆಯ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಸಿದ್ಧರಾಗುವ ಬಗೆ

ದೊಡ್ಡ ಹಣಕಾಸು ಸಂಸ್ಥೆಗೆ ಅರ್ಜಿ ಹಾಕುವ ವಿದ್ಯಾರ್ಥಿಯು ಎಲ್ಲಕ್ಕಿಂತ ಮೊದಲು ತಾನು ಯಾವ ವಿಭಾಗವನ್ನು ಸೇರಬಯಸುತ್ತೇನೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊರಗಿನವರಿಗೆ ಅದು ಒಂದೇ ಹೆಸರಿನ ಸಂಸ್ಥೆಯಾಗಿ ಕಂಡರೂ, ಕಂಪನಿಗಳ ವಿಲೀನಕ್ಕೆ ಮತ್ತು ಬಂಡವಾಳ ಸಂಗ್ರಹಕ್ಕೆ ಸಲಹೆ ನೀಡುವ ಹೂಡಿಕೆ ಬ್ಯಾಂಕಿಂಗ್, ಷೇರು ಹಾಗೂ ಬಾಂಡ್‌ಗಳನ್ನು (ಬಡ್ಡಿ ಕೊಡುವ ಸಾಲಪತ್ರಗಳನ್ನು) ಕೊಂಡು ಮಾರುವ ಟ್ರೇಡಿಂಗ್, ಗ್ರಾಹಕರ ಹಣವನ್ನು ನಿರ್ವಹಿಸುವ ಅಸೆಟ್ ಮ್ಯಾನೇಜ್‌ಮೆಂಟ್, ಅಪಾಯವನ್ನು ಅಳೆಯುವ ರಿಸ್ಕ್, ನಿಯಮಪಾಲನೆಯನ್ನು ನೋಡಿಕೊಳ್ಳುವ ಕಂಪ್ಲಯನ್ಸ್, ತಂತ್ರಜ್ಞಾನ ಎಂಬ ವಿಭಾಗಗಳ ಕೆಲಸವೂ ಅಲ್ಲಿ ಕೇಳುವ ಪ್ರಶ್ನೆಗಳೂ ಬೇರೆಬೇರೆ. ಟ್ರೇಡಿಂಗ್ ವಿಭಾಗದವರು ಸಂಭವನೀಯತೆಯ ಲೆಕ್ಕ ಕೇಳುವಲ್ಲಿ ಹೂಡಿಕೆ ಬ್ಯಾಂಕಿಂಗ್‌ನವರು ಕಂಪನಿಯೊಂದರ ಮೌಲ್ಯವನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳುತ್ತಾರೆ; ತಂತ್ರಜ್ಞಾನ ವಿಭಾಗದವರು ಕೋಡ್ ಬರೆಸುತ್ತಾರೆ. ಎಲ್ಲದಕ್ಕೂ ಸಲ್ಲುವ ಸಾಮಾನ್ಯ ತಯಾರಿಯೊಂದನ್ನು ಮಾಡಿಕೊಂಡು ಹೋದವರು ಯಾವುದಕ್ಕೂ ಸಾಲದವರಾಗಿ ಕಾಣುವ ಅಪಾಯವಿದೆ.

ಆಯ್ಕೆ ಹಲವು ಹಂತಗಳಲ್ಲಿ ನಡೆಯುತ್ತದೆ. ಆನ್‌ಲೈನ್ ಅರ್ಜಿಯ ನಂತರ ಅಂಕಿಅಂಶ ಹಾಗೂ ತರ್ಕದ ಪರೀಕ್ಷೆ, ಅದರ ನಂತರ ಅನೇಕ ಕಡೆ ಉತ್ತರಗಳನ್ನು ಮುದ್ರಿಸಿಕೊಳ್ಳುವ ವಿಡಿಯೊ ಸಂದರ್ಶನ, ಕೊನೆಗೆ ಒಂದೇ ದಿನ ಒಬ್ಬರಾದ ಮೇಲೊಬ್ಬರಂತೆ ಹಲವರು ಮಾತನಾಡಿಸುವ ಅಂತಿಮ ಸುತ್ತು ಇರುವುದು ರೂಢಿ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಎಷ್ಟೋ ತಿಂಗಳು ಮುಂಚೆಯೇ, ಕೆಲವೊಮ್ಮೆ ಒಂದು ವರ್ಷ ಮೊದಲೇ, ಅರ್ಜಿ ಕರೆಯುವುದುಂಟು. ಕೊನೆಯ ದಿನಾಂಕಕ್ಕೆ ಮುನ್ನವೇ ಸ್ಥಾನಗಳನ್ನು ತುಂಬಿಕೊಳ್ಳುವ ಸಂಸ್ಥೆಗಳೂ ಇರುವುದರಿಂದ ಅರ್ಜಿಯನ್ನು ಬೇಗ ಸಲ್ಲಿಸುವುದು ಒಳಿತು.

ವಿಡಿಯೊ ಸಂದರ್ಶನ ಹೆಚ್ಚಿನವರಿಗೆ ಕಷ್ಟವಾಗುವುದು ಎದುರಿಗೆ ಮನುಷ್ಯರಿಲ್ಲದ ಕಾರಣಕ್ಕೆ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅಲ್ಪ ಸಮಯ ಸಿಗುತ್ತದೆ, ಒಂದೆರಡು ನಿಮಿಷಗಳಲ್ಲಿ ಉತ್ತರ ಮುಗಿಯಬೇಕು. ತಲೆಯಾಡಿಸುವವರು, ಮರುಪ್ರಶ್ನೆ ಹಾಕುವವರು ಯಾರೂ ಇರುವುದಿಲ್ಲ. ಫೋನಿನಲ್ಲಿ ತಾವೇ ಮಾತನಾಡಿ ಮುದ್ರಿಸಿಕೊಂಡು ಕೇಳಿಸಿಕೊಳ್ಳುವುದಕ್ಕಿಂತ ಉತ್ತಮವಾದ ಅಭ್ಯಾಸ ಇದಕ್ಕಿಲ್ಲ. ಬರೆದಿಟ್ಟ ಉತ್ತರವನ್ನು ಓದಬಾರದು, ಏಕೆಂದರೆ ಕಣ್ಣಿನ ಚಲನೆಯಿಂದ ಅದು ಕೂಡಲೇ ತಿಳಿದುಬಿಡುತ್ತದೆ.

ತಾಂತ್ರಿಕ ಪ್ರಶ್ನೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಂದರ್ಶಕರು ಅಳೆಯುವುದು ಉತ್ತರವನ್ನು ಮಾತ್ರವಲ್ಲ, ಉತ್ತರಕ್ಕೆ ತಲುಪಿದ ದಾರಿಯನ್ನು. ಮತ್ತೆ ಮತ್ತೆ ಕೇಳಲಾಗುವ ಒಂದು ಪ್ರಶ್ನೆಯನ್ನೇ ನೋಡೋಣ. ಸವಕಳಿ, ಅಂದರೆ ಬಳಕೆಯಿಂದ ಆಸ್ತಿಯ ಮೌಲ್ಯ ಕುಗ್ಗುವುದನ್ನು ಖರ್ಚಾಗಿ ತೋರಿಸುವ ಮೊತ್ತ, 10 ರೂಪಾಯಿಯಷ್ಟು ಹೆಚ್ಚಿದರೆ ಲಾಭ-ನಷ್ಟ, ನಗದು ಹರಿವು, ಬ್ಯಾಲೆನ್ಸ್ ಶೀಟ್ ಎಂಬ ಮೂರು ಹಣಕಾಸು ಪಟ್ಟಿಗಳಲ್ಲಿ ಏನೇನು ಬದಲಾಗುತ್ತದೆ? ತೆರಿಗೆ ದರ ಶೇ. 30 ಎಂದುಕೊಂಡರೆ, ತೆರಿಗೆಗೆ ಮುಂಚಿನ ಲಾಭ 10ರಷ್ಟು ಇಳಿಯುತ್ತದೆ, ತೆರಿಗೆ 3ರಷ್ಟು ಕಡಿಮೆಯಾಗುತ್ತದೆ, ಹಾಗಾಗಿ ನಿವ್ವಳ ಲಾಭ 7ರಷ್ಟು ಕಡಿಮೆಯಾಗುತ್ತದೆ. ಸವಕಳಿಯು ಕೈಯಿಂದ ಹಣ ಹೋಗುವ ಖರ್ಚಲ್ಲವಾದ್ದರಿಂದ ನಗದು ಹರಿವಿನ ಪಟ್ಟಿಯಲ್ಲಿ ಆ 10ನ್ನು ಮರಳಿ ಕೂಡಿಸಬೇಕು. ಅಲ್ಲಿಗೆ ನಗದು 3ರಷ್ಟು ಹೆಚ್ಚುತ್ತದೆ. ಆಸ್ತಿ ಮತ್ತು ಹೊಣೆಗಳನ್ನು ತೋರಿಸುವ ಬ್ಯಾಲೆನ್ಸ್ ಶೀಟ್‌ನಲ್ಲಿ ನಗದು 3 ಏರಿ, ಯಂತ್ರ, ಕಟ್ಟಡದಂಥ ಸ್ಥಿರ ಆಸ್ತಿ 10 ಇಳಿಯುವುದರಿಂದ ಒಟ್ಟು ಆಸ್ತಿ 7ರಷ್ಟು ಕುಗ್ಗುತ್ತದೆ, ಎದುರು ಬದಿಯಲ್ಲಿ ಉಳಿಕೆ ಲಾಭವೂ (ಕಂಪನಿಯಲ್ಲೇ ಉಳಿಸಿಕೊಂಡ ಲಾಭ) 7ರಷ್ಟೇ ಕುಗ್ಗಿ ಎರಡೂ ಕಡೆ ಸರಿಹೊಂದುತ್ತದೆ. ಇದನ್ನು ಬಾಯಿಪಾಠ ಮಾಡಿದವರು, ಸವಕಳಿಯ ಬದಲು ಸಾಲದ ಹಣದಿಂದ ಯಂತ್ರ ಕೊಂಡರೆ ಏನಾಗುತ್ತದೆ ಎಂದು ಕೇಳಿದ ಕ್ಷಣ ನಿಂತುಬಿಡುತ್ತಾರೆ; ಒಂದು ಪಟ್ಟಿ ಮತ್ತೊಂದಕ್ಕೆ ಹೇಗೆ ಜೋಡಣೆಯಾಗಿದೆ ಎಂದು ಅರಿತವರು ಮುಂದುವರಿಯುತ್ತಾರೆ.

ಟ್ರೇಡಿಂಗ್ ವಿಭಾಗದ ಪ್ರಶ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಾಳವನ್ನು ಒಮ್ಮೆ ಎಸೆದು, ಬಂದ ಸಂಖ್ಯೆ ಇಷ್ಟವಾಗದಿದ್ದರೆ ಇನ್ನೊಮ್ಮೆ ಎಸೆಯಬಹುದೆಂದಾದರೆ ನಿರೀಕ್ಷಿತ ಮೌಲ್ಯ, ಅಂದರೆ ಸರಾಸರಿಯಾಗಿ ಸಿಗುವ ಸಂಖ್ಯೆ, ಎಷ್ಟು ಎಂದು ಕೇಳಿದರೆ, ಒಂದೇ ಎಸೆತದ ಸರಾಸರಿ 3.5 ಎಂಬಲ್ಲಿಂದ ಬಾಯಿಬಿಟ್ಟು ಹೇಳುತ್ತಲೇ ಯೋಚಿಸಲು ತೊಡಗಬೇಕು. 4, 5, 6 ಬಂದರೆ ಇಟ್ಟುಕೊಳ್ಳುವುದು ಲಾಭ, ಅವುಗಳ ಸರಾಸರಿ 5. ಉಳಿದ ಅರ್ಧ ಸಂದರ್ಭಗಳಲ್ಲಿ ಮತ್ತೆ ಎಸೆದು 3.5 ನಿರೀಕ್ಷಿಸಬಹುದು, ಎರಡರ ಸರಾಸರಿ 4.25. ಲೆಕ್ಕ ತಪ್ಪಿದರೂ ಹೆಜ್ಜೆಗಳು ಕಾಣುವಂತಿದ್ದರೆ ಸಂದರ್ಶಕರು ತಿದ್ದಿಕೊಳ್ಳಲು ಸುಳಿವು ನೀಡುವ ಸಾಧ್ಯತೆ ಇರುತ್ತದೆ. ಮೌನವಾಗಿ ಕುಳಿತು ತಪ್ಪು ಸಂಖ್ಯೆಯೊಂದನ್ನು ಹೇಳಿದವರಿಗೆ ಆ ಅವಕಾಶ ಸಿಗುವುದಿಲ್ಲ.

ಮಾರುಕಟ್ಟೆಯ ಬಗ್ಗೆ ಕೇಳಿದಾಗ ಹತ್ತು ಸುದ್ದಿಗಳ ತಲೆಬರಹ ಹೇಳುವುದಕ್ಕಿಂತ ಒಂದೇ ಘಟನೆಯನ್ನು ಕಾರಣದಿಂದ ಪರಿಣಾಮದವರೆಗೆ ವಿವರಿಸುವುದು ಹೆಚ್ಚು ಬೆಲೆಯುಳ್ಳದ್ದು. ಬಡ್ಡಿದರ ಏರಿದರೆ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ ದರ ಏರಿಸುತ್ತ ಹೋದಾಗ, ಕಡಿಮೆ ಬಡ್ಡಿಯ ಕಾಲದಲ್ಲಿ ದೀರ್ಘಾವಧಿ ಬಾಂಡ್‌ಗಳನ್ನು ಕೊಂಡಿಟ್ಟಿದ್ದ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನ ಆಸ್ತಿಯ ಮೌಲ್ಯ ಕುಸಿಯಿತು. ಅದರ ಠೇವಣಿಗಳಲ್ಲಿ ಬಹುಪಾಲು, ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಹಣ ಖಚಿತವಾಗಿ ಮರಳುವ ವಿಮಾ ಮಿತಿಯನ್ನು ಮೀರಿದವಾಗಿದ್ದವು. ಬಾಂಡ್‌ಗಳನ್ನು ನಷ್ಟಕ್ಕೆ ಮಾರಿದ ಸುದ್ದಿ ಹೊರಬಿದ್ದೊಡನೆ ಠೇವಣಿದಾರರು ಹಣ ತೆಗೆಯಲು ಮುಗಿಬಿದ್ದು, 2023ರ ಮಾರ್ಚ್‌ನಲ್ಲಿ ಬ್ಯಾಂಕ್ ಮುಚ್ಚಿತು. ಪಠ್ಯದ ಸೂತ್ರವನ್ನು ಹೀಗೆ ನಡೆದ ಸಂಗತಿಯೊಂದಿಗೆ ಬೆಸೆಯಬಲ್ಲವರನ್ನು ಸಂದರ್ಶಕರು ನೆನಪಿಟ್ಟುಕೊಳ್ಳುತ್ತಾರೆ.

ತಮ್ಮ ಅನುಭವವನ್ನು ಹೇಳುವಾಗ ಸಂದರ್ಭ, ವಹಿಸಿಕೊಂಡ ಹೊಣೆ, ಮಾಡಿದ ಕೆಲಸ, ಬಂದ ಫಲ ಎಂಬ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಹೆಚ್ಚಿನವರು ಸಂದರ್ಭದ ವಿವರಣೆಯಲ್ಲೇ ಸಮಯ ಕಳೆದು, ತಾವು ಸ್ವತಃ ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ‘ನಾವು’ ಎಂಬ ಮಾತು ಬಂದಲ್ಲೆಲ್ಲ ‘ನೀವು ಏನು ಮಾಡಿದಿರಿ’ ಎಂಬ ಮರುಪ್ರಶ್ನೆ ಕಾದಿರುತ್ತದೆ. ರೆಸ್ಯೂಮೆಯಲ್ಲಿ ಬರೆದ ಪ್ರತಿ ಸಾಲಿಗೂ ಉತ್ತರಿಸಲು ಸಿದ್ಧವಿರಬೇಕು. ಹಿಂದೆ ಬೇರೆಡೆ ಕೆಲಸ ಮಾಡಿದ್ದರೆ ಅಲ್ಲಿನ ಗ್ರಾಹಕರ ಹೆಸರನ್ನೋ ಬಹಿರಂಗವಾಗದ ವ್ಯವಹಾರವನ್ನೋ ಎಷ್ಟು ಒತ್ತಾಯಿಸಿದರೂ ಹೇಳಬಾರದು. ಗೋಪ್ಯತೆಯೇ ವೃತ್ತಿಯ ಅಡಿಪಾಯವಾಗಿರುವ ಕ್ಷೇತ್ರದಲ್ಲಿ, ಪ್ರಭಾವ ಬೀರಲೆಂದು ಗುಟ್ಟು ಬಿಟ್ಟುಕೊಟ್ಟ ಅಭ್ಯರ್ಥಿ ನಾಳೆ ಇಲ್ಲಿನ ಗುಟ್ಟನ್ನೂ ಹೊರಹಾಕುತ್ತಾನೆಂದು ಭಾವಿಸುವುದು ಸಹಜ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ತಿಳಿದಷ್ಟರಿಂದ ಹೇಗೆ ಊಹಿಸುತ್ತೀರೆಂದು ವಿವರಿಸುವುದೂ ಇದೇ ವಿಶ್ವಾಸಾರ್ಹತೆಯ ಭಾಗ.

ಉಡುಪು ಔಪಚಾರಿಕವಾಗಿರಲಿ, ಹತ್ತು ನಿಮಿಷ ಮೊದಲೇ ಹಾಜರಿರಿ. ಕೊನೆಯಲ್ಲಿ ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ ಸಂಸ್ಥೆಯ ಜಾಲತಾಣದಲ್ಲೇ ಸಿಗುವ ಸಂಗತಿಯನ್ನು ಕೇಳುವ ಬದಲು, ಹಿಂದಿನ ಇಂಟರ್ನ್‌ಗಳು ನಿಜವಾಗಿ ಯಾವ ಕೆಲಸ ಮಾಡಿದರು, ಅವರಲ್ಲಿ ಎಷ್ಟು ಜನರಿಗೆ ಪೂರ್ಣಾವಧಿ ಹುದ್ದೆ ಸಿಕ್ಕಿತು ಎಂದು ವಿಚಾರಿಸಿ. ಉತ್ತರ ನಿಮ್ಮ ನಿರ್ಧಾರಕ್ಕೂ ಬೇಕಾಗುತ್ತದೆ. ಅದೇ ದಿನ ಅಥವಾ ಮರುದಿನ, ಮಾತನಾಡಿದ ವಿಷಯವೊಂದನ್ನು ಉಲ್ಲೇಖಿಸಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಚಿಕ್ಕ ಧನ್ಯವಾದ ಪತ್ರ ಕಳುಹಿಸಿ. ಆಯ್ಕೆಯಾದರೆ ಒಪ್ಪಿಗೆಗೆ ಗಡುವು ಇರುತ್ತದೆ. ಬೇರೆ ಸಂಸ್ಥೆಯ ಫಲಿತಾಂಶ ಬಾಕಿಯಿದ್ದರೆ ಗಡುವು ಮುಗಿಯುವ ಮುನ್ನವೇ ಕಾರಣ ತಿಳಿಸಿ ವಿಸ್ತರಣೆ ಕೋರಬಹುದು, ಆದರೆ ಒಮ್ಮೆ ಒಪ್ಪಿದ ಮೇಲೆ ಉಳಿದ ಅರ್ಜಿಗಳನ್ನು ನೀವೇ ಹಿಂತೆಗೆದುಕೊಂಡು ಆಯಾ ನೇಮಕಾತಿ ವಿಭಾಗಗಳಿಗೆ ಲಿಖಿತವಾಗಿ ತಿಳಿಸಿ.