ಸೆಡ್ಡಾ, ಟೋಲ್ಡಾ? 'ಯಾರಿಗೆ' ಅಂತ ಕೇಳಿ ನೋಡಿ

ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಸಲಹೆ. 'ಹೇಳಿದ' ಅನ್ನುವಲ್ಲಿ ಸೆಡ್ ಹಾಕಬೇಕೋ ಟೋಲ್ಡ್ ಹಾಕಬೇಕೋ ಗೊತ್ತಾಗದಿದ್ದರೆ 'ಯಾರಿಗೆ?' ಅಂತ ಕೇಳಿ. ಉತ್ತರ ವಾಕ್ಯದಲ್ಲೇ ಇದ್ದರೆ ಟೋಲ್ಡ್, ಇಲ್ಲದಿದ್ದರೆ ಸೆಡ್. 'ದ ಕಂಡಕ್ಟರ್ ಸೆಡ್ ದ ಬಸ್ ವಾಸ್ ಫುಲ್.' 'ದ ಕಂಡಕ್ಟರ್ ಟೋಲ್ಡ್ ಮಿ ದ ಬಸ್ ವಾಸ್ ಫುಲ್.' ಟೆಲ್‌ಗೆ ಕೇಳುವ ಮನುಷ್ಯ ಬೆನ್ನಿಗೇ ಬೇಕು, ನಡುವೆ 'ಟು' ಬೇಡ. ಸೇ ಪದಕ್ಕೆ ಹೇಳಿದ ಮಾತಿದ್ದರೆ ಸಾಕು. ನಮ್ಮ ಕಾಸರಗೋಡಿನ ಮಕ್ಕಳು ಎಡವುವುದಕ್ಕೂ ಕಾರಣ ಇದೆ. ಕನ್ನಡದಲ್ಲಿ 'ನನಗೆ ಹೇಳಿದ', ತುಳುವಿನಲ್ಲಿ 'ಎನಡ ಪಂಡೆ', ಮಲಯಾಳದಲ್ಲಿ 'ಎನ್ನೋಡು ಪರಞ್ಞು'. ಮೂರರಲ್ಲೂ ಮನುಷ್ಯನಿಗೆ ಒಂದು ಪ್ರತ್ಯಯ ಅಂಟಿಕೊಂಡೇ ಇರುತ್ತದೆ. ಆ 'ಗೆ'ಯನ್ನೇ ಇಂಗ್ಲಿಷಿಗೆ ಎಳೆದು 'ಟೋಲ್ಡ್ ಟು ಮಿ' ಅಂತ ಬರೆಯುತ್ತಾರೆ, ಪಾಪ. ಅಪ್ಪಣೆ ಕೊಡುವ ಮಾತಾದರೆ ಇನ್ನೂ ಸುಲಭ: 'ಅಮ್ಮ ಟೋಲ್ಡ್ ಮಿ ಟು ವೇಟ್.' ಆದರೆ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. 'ಟೆಲ್ ದ ಟ್ರೂತ್', 'ಟೆಲ್ ಎ ಲೈ', 'ಟೆಲ್ ಎ ಸ್ಟೋರಿ' ಇವುಗಳಲ್ಲಿ ಯಾರಿಗೆ ಅನ್ನುವುದು ಇಲ್ಲದಿದ್ದರೂ ಟೆಲ್ಲೇ ಸರಿ. ಇವನ್ನು ಸುಮ್ನೆ ಬಾಯಿಪಾಠ ಮಾಡಿಸಿ. 'ಸೆಡ್ ಟು ಮಿ' ಕೂಡ ತಪ್ಪಲ್ಲ, ಅಲ್ಲಿ 'ಟು' ಬಿಟ್ಟರೆ ಮಾತ್ರ ತಪ್ಪು. ಇನ್ನು ಎಕ್ಸ್‌ಪ್ಲೇನ್ ಬಂದರೆ ಈ ಪ್ರಶ್ನೆಯನ್ನು ನಂಬಬೇಡಿ. ಅದು 'ಎಕ್ಸ್‌ಪ್ಲೇನ್ಡ್ ಮಿ' ಅಲ್ಲ, 'ಎಕ್ಸ್‌ಪ್ಲೇನ್ಡ್ ಇಟ್ ಟು ಮಿ'. ನಮ್ಮ 'ಗೆ' ಕೊನೆಗೂ ಅಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ.