ಸುಟ್ಟ ಬೂತಾಯಿಗೆ ಅಲ್ವರಿನ್ಯೊ: ನನ್ನ ಅನುಭವ

ಕೆಲಸಕ್ಕೆಂದು ಪೋರ್ಚುಗಲ್‌ನ ಪೋರ್ತೊ ನಗರಕ್ಕೆ ಬಂದ ಮೇಲೆ ನನಗೆ ಹತ್ತಿದ ರುಚಿ ಅಂದರೆ ಇಲ್ಲಿನ ಬಿಳಿ ವೈನ್. ಉತ್ತರ ಪೋರ್ಚುಗಲ್‌ನ ವಿನ್ಯೊ ವೆರ್ದೆ ಅಂದರೆ ಅಗ್ಗದ, ಸ್ವಲ್ಪ ಗುಳ್ಳೆ ಬರುವ, ಬಿಸಿಲಲ್ಲಿ ಸುಮ್ನೆ ಕುಡಿದು ಮರೆಯುವ ವೈನ್ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಅಂಥದ್ದೂ ಇದೆ, ಅದರ ಗುಳ್ಳೆಗೆ ಎಷ್ಟೋ ಸಲ ಹೊರಗಿನಿಂದ ಸೇರಿಸಿದ ಗ್ಯಾಸೇ ಕಾರಣ. ಆದರೆ 1908ರಲ್ಲೇ ಗಡಿ ಗುರುತಿಸಿದ ಈ ವೈನ್ ಪ್ರದೇಶದ ತುತ್ತತುದಿಯಲ್ಲಿ, ಮಿನ್ಯೊ ನದಿಯ ದಂಡೆಯಲ್ಲಿ, ಮೊನ್ಸಾಂವ್ ಮತ್ತು ಮೆಲ್ಗಾಸೊ ಅಂತ ಎರಡು ಊರುಗಳಿವೆ. ಆಚೆ ದಡ ಸ್ಪೇನ್. ಅಲ್ಲಿನವರು ಅಲ್ಬರಿನ್ಯೊ ಅನ್ನುವ ದ್ರಾಕ್ಷಿಯನ್ನೇ ಇಲ್ಲಿ ಅಲ್ವರಿನ್ಯೊ ಅನ್ನುತ್ತಾರೆ. ಸುತ್ತಲಿನ ಗುಡ್ಡಗಳು ಸಮುದ್ರದ ಗಾಳಿಯನ್ನು ತಡೆಯುವುದರಿಂದ ಇಲ್ಲಿ ಬೇಸಿಗೆ ಬಿಸಿ ಜಾಸ್ತಿ, ಹಣ್ಣು ಚೆನ್ನಾಗಿ ಮಾಗುತ್ತದೆ. ಹಾಗಾಗಿ ವೈನಿಗೆ ಮೈ ಬರುತ್ತದೆ, ಅಂದರೆ ಬಾಯಲ್ಲಿ ತೆಳ್ಳಗೆ ಅನಿಸದೆ ತುಂಬಿಕೊಳ್ಳುತ್ತದೆ, ಆಲ್ಕೋಹಾಲ್ ಕೂಡ ಶೇ 12-13ರ ಆಸುಪಾಸಿಗೆ ಏರುತ್ತದೆ.

ನಾನು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಡುತ್ತೇನೆ. ತೀರಾ ತಣ್ಣಗಿದ್ದರೆ ಪರಿಮಳವೇ ಬರಲ್ಲ, 10-12 ಡಿಗ್ರಿ ಸಾಕು. ಗ್ಲಾಸಿಗೆ ಸ್ವಲ್ಪವೇ ಹಾಕಿ ಮೊದಲು ಅಲ್ಲಾಡಿಸದೆ ಮೂಸುತ್ತೇನೆ, ಆಗ ನಿಂಬೆ ಸಿಪ್ಪೆ ಉಜ್ಜಿದ ವಾಸನೆ. ಆಮೇಲೆ ತಿರುಗಿಸಿ ಮೂಸಿದರೆ ಪೀಚ್ ಹಣ್ಣು, ಯಾವುದೋ ಬಿಳಿ ಹೂವು. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡಾಗ ದವಡೆಯ ಎರಡೂ ಬದಿಯಲ್ಲಿ ನೀರೂರುತ್ತದಲ್ಲ, ಹುಳಿ ಎಷ್ಟಿದೆ ಅಂತ ನನಗೆ ಗೊತ್ತಾಗುವುದೇ ಅದರಿಂದ. ನುಂಗಿದ ಮೇಲೆ ನಾಲಿಗೆಯ ತುದಿಯಲ್ಲಿ ಒಂಚೂರು ಉಪ್ಪಿನಂಥ ರುಚಿ ಉಳಿಯುತ್ತದೆ.

ಊಟದ ಜೊತೆ ಅಂದರೆ ನನ್ನ ಮೊದಲ ಓಟು ಸುಟ್ಟ ಸಾರ್ಡೀನ್‌ಗೆ, ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ನೆಂಟ. ಜೂನ್‌ನಲ್ಲಿ ಸಾಂವ್ ಜುವಾಂವ್ ಹಬ್ಬದ ರಾತ್ರಿ ಇಡೀ ಪೋರ್ತೊ ಬೀದಿಬೀದಿಯಲ್ಲಿ ಇದನ್ನು ಕೆಂಡದ ಮೇಲೆ ಸುಡುತ್ತದೆ. ಮಸಾಲೆ ಏನೂ ಇಲ್ಲ, ಕಲ್ಲುಪ್ಪು ಅಷ್ಟೇ. ಮೀನನ್ನು ಬ್ರೆಡ್ ತುಂಡಿನ ಮೇಲೆ ಇಟ್ಟುಕೊಂಡು ತಿನ್ನುತ್ತಾರೆ, ಎಣ್ಣೆಯೆಲ್ಲ ಬ್ರೆಡ್ಡಿಗೆ ಇಳಿದಿರುತ್ತದೆ, ಕೊನೆಗೆ ಆ ಬ್ರೆಡ್ ತಿನ್ನಬೇಕು, ಅದೇ ಅಸಲಿ ಮಜಾ. ಈ ಜಿಡ್ಡಿಗೆ ಅಲ್ವರಿನ್ಯೊದ ಹುಳಿ ಸರಿಯಾಗಿ ಕೂರುತ್ತದೆ. ಒಂದು ಗುಟುಕಿಗೆ ಬಾಯಿ ಸ್ವಚ್ಛ, ಮತ್ತೆ ಮೊದಲ ತುತ್ತಿನಷ್ಟೇ ರುಚಿ.

ಮರುವಾಯಿಯನ್ನು, ಅಂದರೆ ಚಿಪ್ಪುಮೀನನ್ನು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕೊತ್ತಂಬರಿ ಸೊಪ್ಪಿನಲ್ಲಿ ಬೇಯಿಸುವ ಬುಲ್ಯಾಂವ್ ಪಾತೊ ಕೂಡ ಚೆನ್ನ. ಆದರೆ ಅದಕ್ಕೆ ಅಲ್ವರಿನ್ಯೊಗಿಂತ ಹಗುರವಾದ ಲೊರೈರೊ ನನಗೆ ಇಷ್ಟ. ಲಿಮಾ ನದಿಯ ಕಣಿವೆಯಲ್ಲಿ ಬೆಳೆಯುವ ಆ ದ್ರಾಕ್ಷಿಗೆ ಒಂಥರಾ ಸೊಪ್ಪಿನ ಘಮ ಇದೆ, ಕೊತ್ತಂಬರಿಗೆ ಹೊಂದಿಕೊಳ್ಳುತ್ತದೆ.

ಇನ್ನು ನಮ್ಮ ಅಡುಗೆ. ಹುಣಸೆಹುಳಿ ಜಾಸ್ತಿ ಇರುವ ಮೀನು ಸಾರಿನ ಜೊತೆ ಕುಡಿಯಬೇಡಿ. ಸಾರು ವೈನಿಗಿಂತ ಹುಳಿಯಾದರೆ ವೈನ್ ಸಪ್ಪೆ ಅನಿಸುತ್ತದೆ. ಖಾರ ಹೆಚ್ಚಾದರೆ ಆಲ್ಕೋಹಾಲ್ ಆ ಉರಿಯನ್ನು ಇನ್ನಷ್ಟು ಏರಿಸುತ್ತದೆ. ತವಾ ಫ್ರೈಗೆ ಕೆಂಪು ಮಸಾಲೆ ಮೆತ್ತಿದ ದಿನ ನಾನು ಅಲ್ವರಿನ್ಯೊ ಮುಟ್ಟಲ್ಲ, ಶೇ 9-10 ಆಲ್ಕೋಹಾಲ್ ಇರುವ, ಚೂರು ಸಿಹಿ ಉಳಿದ ಅದೇ ಅಗ್ಗದ ಗುಳ್ಳೆ ವೈನ್ ತರುತ್ತೇನೆ. ಅಲ್ಲಿ ಅದೇ ಗೆಲ್ಲುತ್ತದೆ ಬಿಡಿ! ತೆಂಗಿನ ಹಾಲು ಹಾಕಿದ, ಖಾರ ಕಡಿಮೆ ಇರುವ ಸಿಗಡಿ ಗಸಿಗೆ ಮಾತ್ರ ಅಲ್ವರಿನ್ಯೊ ಧಾರಾಳವಾಗಿ ನಡೆಯುತ್ತದೆ.

ಬಾಟಲಿ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನಕ್ಕೂ ಕೆಡಲ್ಲ. ನಾನಂತೂ ಆಗ ಉಪ್ಪು ಮೀನು, ಮೊಟ್ಟೆ, ಸಣ್ಣಗೆ ಹೆಚ್ಚಿ ಕರಿದ ಆಲೂಗಡ್ಡೆ ಕಲಸಿದ ಬಕಲ್ಯಾವ್ ಅ ಬ್ರಾಸ್ ಮಾಡಿಕೊಳ್ಳುತ್ತೇನೆ.