ಗಾಡಿ ಮಾರುವಾಗ ಚಾಸಿಸ್ ನಂಬರ್ ಯಾರಿಗೆ, ಯಾವಾಗ ಕೊಡುತ್ತೇನೆ

ಗಾಡಿ ಮಾರಾಟಕ್ಕಿದೆ ಅಂತ ಜಾಹೀರಾತು ಹಾಕುವಾಗ ಆರ್‌ಸಿ ಕಾರ್ಡಿನ ಎರಡೂ ಬದಿಯ ಫೋಟೊ ಸೇರಿಸುವವರು ಇವತ್ತಿಗೂ ಬಹಳ ಮಂದಿ ಇದ್ದಾರೆ. ಪೇಪರ್ ಎಲ್ಲಾ ಕ್ಲಿಯರ್ ಇದೆ ಅಂತ ಜನಕ್ಕೆ ನಂಬಿಕೆ ಬರಲಿ ಅನ್ನುವುದು ಅವರ ಉದ್ದೇಶ. ನಾನು ದಾವಣಗೆರೆಯಲ್ಲಿ ಹಳೆ ಕಾರು, ಬೈಕುಗಳ ಕನ್ಸಲ್ಟೆಂಟ್. ನನ್ನ ಹತ್ತಿರ ಗಾಡಿ ಬಿಡುವವರಿಗೆ ಮೊದಲು ಹೇಳುವ ಮಾತು ಒಂದೇ: ಆ ಫೋಟೊ ಎಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ಇವತ್ತೇ ತೆಗೆಯಿರಿ. ‘ಯಾಕ್ರೀ, ಅದರಲ್ಲಿರೋ ಚಾಸಿಸ್ ನಂಬರ್‌ನಿಂದ ಕೀ ಮಾಡಿಸಿ ಗಾಡಿ ಹೊಡ್ಕೊಂಡು ಹೋಗ್ತಾರಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಡಬೇಕು, ಸುಮ್ಮನೆ ಹೆದರಿಸಿ ಪ್ರಯೋಜನವಿಲ್ಲ.

ಚಾಸಿಸ್ ನಂಬರ್ ಅಂದರೆ ಹದಿನೇಳು ಅಕ್ಷರ, ಅಂಕಿಗಳ ಒಂದು ಸಾಲು. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತ ಐ, ಒ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಮೊದಲ ಮೂರು ಸ್ಥಾನ ತಯಾರಕರದು. ಎಂಎ3 ಅಂತ ಶುರುವಾದರೆ ಮಾರುತಿ, ಎಂಎಎಲ್ ಆದರೆ ಹ್ಯುಂಡೈ, ಎಂಎಟಿ ಆದರೆ ಟಾಟಾ. ಕೊನೆಯಲ್ಲಿ ಬರುವುದು ಆ ಒಂದು ಗಾಡಿಯ ಸ್ವಂತ ಕ್ರಮಸಂಖ್ಯೆ. ಬೈಕಿನಲ್ಲಿ ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಹತ್ತಿರ, ಕಾರಿನಲ್ಲಿ ಬಾನೆಟ್ ಒಳಗೋ ಮುಂದಿನ ಸೀಟಿನ ಕೆಳಗೋ ಪಂಚ್ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಮೂಲೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ದಾರಿಯಲ್ಲಿ ಹೋಗುವವರು ಓದಬಹುದಾದ ನಂಬರನ್ನು ಎಟಿಎಂ ಪಿನ್ ಥರ ಬಚ್ಚಿಡಲು ಆಗುವುದಿಲ್ಲ.

ಆದರೂ ಅದರಿಂದ ಕೀ ಮಾಡಿಸಿ ಗಾಡಿ ಕದ್ದ ಉದಾಹರಣೆ ನಿಜವಾಗಿಯೂ ಇದೆ. ಅಮೆರಿಕದ ಸ್ಯಾನ್ ಡಿಯಾಗೊ ಸುತ್ತಮುತ್ತ ಸುಮಾರು 150 ಜೀಪ್ ರ‍್ಯಾಂಗ್ಲರ್‌ಗಳು ಕಳುವಾದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ಜನರ ಮೇಲೆ ಆರೋಪ ಹೊರಿಸಿದರು. ಮೆಕ್ಸಿಕೊದ ಟಿಹುವಾನಾದ ಬೈಕರ್ ಗ್ಯಾಂಗ್ ಅದು. ಬೇಕಾದ ಜೀಪನ್ನು ಮೊದಲೇ ನೋಡಿಟ್ಟು ನಂಬರ್ ಬರೆದುಕೊಳ್ಳುತ್ತಿದ್ದರು. ಆ ನಂಬರಿನ ಮೇಲೆ ಡೀಲರ್‌ಗಳ ಡೇಟಾಬೇಸ್‌ನಿಂದ ಎರಡು ಕೋಡ್ ತೆಗೆಸುತ್ತಿದ್ದರು. ಒಂದು ಕೀ ಕತ್ತರಿಸಲು, ಇನ್ನೊಂದು ಅದರ ಚಿಪ್ ಪ್ರೋಗ್ರಾಮ್ ಮಾಡಲು. ಅಲ್ಲಿ ತೂತು ಇದ್ದದ್ದು ಡೇಟಾಬೇಸ್‌ನಲ್ಲಿ, ಆದರೆ ಅದರ ಬಾಗಿಲು ತೆರೆದದ್ದು ಚಾಸಿಸ್ ನಂಬರ್. ಇಂಟರ್‌ನೆಟ್ಟಿಗೆ ಜೋಡಿಸಿದ ಕಾರುಗಳಲ್ಲೂ ಇದೇ ಕಥೆ. 2016ರಲ್ಲಿ ನಿಸ್ಸಾನ್ ಲೀಫ್ ಎಲೆಕ್ಟ್ರಿಕ್ ಕಾರಿನ ಆ್ಯಪ್ ವ್ಯವಸ್ಥೆ ಚಾಸಿಸ್ ನಂಬರ್ ಒಂದನ್ನೇ ಗುರುತಾಗಿ ನಂಬುತ್ತದೆ ಅಂತ ಭದ್ರತಾ ಸಂಶೋಧಕರು ತೋರಿಸಿದರು. ಎಲ್ಲೋ ಇರುವ ಕಾರಿನ ಎಸಿ ಹಾಕುವುದು, ಆ ಕಾರು ಓಡಾಡಿದ ವಿವರ ನೋಡುವುದು ಬೇರೆ ದೇಶದಲ್ಲಿ ಕೂತವರಿಗೂ ಸಾಧ್ಯವಿತ್ತು. 2022ರ ಕೊನೆಯಲ್ಲಿ ಹೋಂಡಾ, ನಿಸ್ಸಾನ್ ಮುಂತಾದ ಕೆಲವು ಕಾರುಗಳ ವಿಷಯದಲ್ಲಿ ಇಂಥದ್ದೇ ದೋಷ ಮತ್ತೆ ಬಯಲಾಯಿತು. ಅವನ್ನು ಸರಿಪಡಿಸಿದ್ದಾರೆ. ಆದರೂ ಚಾಸಿಸ್ ನಂಬರ್ ಇದ್ದವನೇ ಮಾಲೀಕ ಅಂತ ಭಾವಿಸುವ ವ್ಯವಸ್ಥೆಗಳು ಒಂದಾದ ಮೇಲೊಂದು ಬರುತ್ತಲೇ ಇವೆ ಅನ್ನುವುದನ್ನು ಮರೆಯಬಾರದು.

ನಮ್ಮ ಕಡೆ ನನಗೆ ಹೆಚ್ಚು ಚಿಂತೆ ಬೇರೆಯದು. ಇಲ್ಲಿ ವಂಚಕರಿಗೆ ಆಸ್ತಿಯಾಗಿರುವುದು ಆರ್‌ಸಿಯ ಪೂರ್ತಿ ಕಟ್ಟು: ಗಾಡಿ ನಂಬರ್, ಚಾಸಿಸ್ ನಂಬರ್, ಎಂಜಿನ್ ನಂಬರ್, ನೋಂದಣಿ ದಿನಾಂಕ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ವಿಳಾಸ. ಜಾಹೀರಾತಿನಲ್ಲಿ ಫೋನ್ ನಂಬರ್ ಹೇಗೂ ಇರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ಒಂದು ಗಾಡಿಯ ಸೇವೆಗಳಿಗೆ ಒಳಗೆ ಹೋಗಲು ಗಾಡಿ ನಂಬರ್ ಜೊತೆ ಚಾಸಿಸ್‌ನ ಕೊನೆಯ ಐದು ಸ್ಥಾನ ಕೇಳುತ್ತದೆ, ಆಮೇಲೆ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ. ಅಂದರೆ ಪೂರ್ತಿ ಆರ್‌ಸಿ ಫೋಟೊ ಸಿಕ್ಕವನಿಗೆ ಒಟಿಪಿ ಒಂದೇ ಬಾಕಿ. ಆ ಒಟಿಪಿಯನ್ನು ನಯವಾಗಿ ಮಾತನಾಡಿ ಕೇಳುವ ಕಲೆ ಇರುವವರು ಎಷ್ಟು ಜನ ಅಂತ ನಮ್ಮೆಲ್ಲರಿಗೂ ಗೊತ್ತು. ‘ಸರ್, ನಿಮ್ಮ ಸ್ವಿಫ್ಟ್ ಕಾರಿನ ಚಾಸಿಸ್ ಕೊನೆ ನಂಬರ್ ಇಷ್ಟು ಅಲ್ವಾ, ಆರ್‌ಟಿಒದಿಂದ ಮಾತಾಡ್ತಿರೋದು’ ಅಂತ ಶುರುಮಾಡಿದರೆ ಎಂಥವರಿಗೂ ನಂಬಿಕೆ ಬಂದುಬಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ನಕಲಿ ಚಲನ್ ಎಪಿಕೆ ಫೈಲು, ಅಂದರೆ ಒತ್ತಿದರೆ ಮೊಬೈಲಿಗೆ ಆ್ಯಪ್ ಇಳಿಸುವ ಫೈಲು, ಕೆಲಸ ಮಾಡುವುದೂ ಹೀಗೆ. ಒಳಗೆ ನಿಮ್ಮದೇ ಗಾಡಿ ನಂಬರ್ ಇದ್ದರೆ ಕೈ ತಾನಾಗಿ ಒತ್ತುತ್ತದೆ. ಎಚ್‌ಎಸ್‌ಆರ್‌ಪಿ ಅನ್ನುವ ಹೊಸ ಭದ್ರತಾ ನಂಬರ್ ಪ್ಲೇಟ್ ಹಾಕಿಸುವ ಗಡಿಬಿಡಿಯ ಕಾಲದಲ್ಲಿ ನಕಲಿ ಬುಕಿಂಗ್ ಲಿಂಕುಗಳು ಓಡಾಡಿದವಲ್ಲ, ಅಲ್ಲಿ ಹಣ ಕಳೆದುಕೊಂಡವರು ಹಣದ ಜೊತೆ ಚಾಸಿಸ್, ಎಂಜಿನ್ ನಂಬರುಗಳನ್ನೂ ತಾವೇ ತುಂಬಿಕೊಟ್ಟಿದ್ದರು. ಅಸಲಿ ಬುಕಿಂಗ್‌ಗೂ ಅವು ಬೇಕಾಗುವುದರಿಂದ ಅವರಿಗೆ ಅನುಮಾನ ಬರಲಿಲ್ಲ.

ಹರಿಹರದ ಮೇಷ್ಟ್ರೊಬ್ಬರ ಸಂಗತಿ ಹೇಳುತ್ತೇನೆ. ನಿವೃತ್ತರಾದ ಮೇಲೆ ಕಾರು ಮಾರಲು ಹೊರಟವರು ಫೋಟೊ, ಆರ್‌ಸಿ, ಇನ್ಶೂರೆನ್ಸ್ ಎಲ್ಲವನ್ನೂ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಹಾಕಿದ್ದರು. ಸ್ವಲ್ಪ ದಿನದಲ್ಲಿ ಅದೇ ಫೋಟೊ, ಅದೇ ಆರ್‌ಸಿ ಇಟ್ಟುಕೊಂಡು ಬೇರೆ ಯಾರೋ ಅರ್ಧಕ್ಕರ್ಧ ಕಡಿಮೆ ರೇಟಿಗೆ ಜಾಹೀರಾತು ಕೊಟ್ಟರು. ತಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆ ಆಗಿದೆ, ಕಾರು ತಂದೆಯ ಹೆಸರಿನಲ್ಲಿದೆ, ಅಡ್ವಾನ್ಸ್ ಹಾಕಿದರೆ ಬೇರೆಯವರಿಗೆ ಕೊಡುವುದಿಲ್ಲ ಅಂತ ಅವನ ಮಾತು. ರಾಣೆಬೆನ್ನೂರಿನ ಹುಡುಗನೊಬ್ಬ ಅಡ್ವಾನ್ಸ್ ಹಾಕಿದ. ಆ ಕಡೆ ಫೋನ್ ಆಫ್ ಆದಾಗ ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ನೇರ ಮೇಷ್ಟ್ರ ಮನೆಗೇ ಬಂದ.

‘ರೊಕ್ಕ ಹಾಕೀನಿ ಸರ್, ಗಾಡಿ ಕೊಡ್ರಿ. ಆರ್‌ಸಿ ನಿಮ್ಮದ ಐತಲ್ಲ?’

‘ಯಾರಪ್ಪಾ ನೀನು? ನನಗೆಲ್ಲಿ ಹಾಕಿದೀಯ?’

ಹುಡುಗನ ಕೈಯಲ್ಲಿದ್ದ ಮೊಬೈಲಿನಲ್ಲಿ ಮೇಷ್ಟ್ರ ಆರ್‌ಸಿ, ಅವರ ಕಾಂಪೌಂಡಿನಲ್ಲಿ ನಿಂತ ಅವರದೇ ಕಾರು. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಬೀದಿಯಲ್ಲಿ ನಿಂತು ಕೂಗಾಡುವ ಹಾಗಾಯಿತು. ಮೇಷ್ಟ್ರು ನನಗೆ ಫೋನ್ ಮಾಡಿದರು. ಮೊದಲು ಹುಡುಗನಿಂದ 1930ಕ್ಕೆ ಕರೆ ಮಾಡಿಸಿದೆ. ಸೈಬರ್ ವಂಚನೆಯಲ್ಲಿ ಹಣ ಹೋದ ಗಳಿಗೆಯಲ್ಲೇ ಆ ನಂಬರಿಗೆ ಹೇಳಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುತ್ತದೆ. ಮೇಷ್ಟ್ರಿಂದಲೂ ಸ್ಟೇಷನ್ನಿಗೆ ಅರ್ಜಿ ಕೊಡಿಸಿದೆ, ತಮ್ಮ ಆರ್‌ಸಿಯನ್ನು ಬೇರೆ ಯಾರೋ ಬಳಸುತ್ತಿದ್ದಾರೆ ಅಂತ. ನಾಳೆ ಇನ್ನೊಬ್ಬ ಬಾಗಿಲಿಗೆ ಬಂದರೆ ತೋರಿಸಲು ಒಂದು ಸ್ವೀಕೃತಿ ಕೈಯಲ್ಲಿರಬೇಕು.

ಇನ್ನೊಂದು ಅಪಾಯ ನಿಧಾನವಾಗಿ ಬರುವಂಥದ್ದು. ಕದ್ದ ಗಾಡಿಗೆ ಬೇರೊಂದು ಅಸಲಿ ಗಾಡಿಯ ಗುರುತು ತೊಡಿಸುವುದು. ಅಪಘಾತದಲ್ಲಿ ಪೂರ್ತಿ ಹೋದ ಟೋಟಲ್ ಲಾಸ್ ಗಾಡಿಯ ಪೇಪರ್ ಕೊಂಡು, ಅದೇ ಮಾಡೆಲ್ ಅದೇ ಬಣ್ಣದ ಗಾಡಿ ಕದ್ದು, ಹಳೆ ನಂಬರ್ ಉಜ್ಜಿ ಹೊಸದಾಗಿ ಪಂಚ್ ಮಾಡುವುದು ಈ ದಂಧೆಯ ಹಳೆಯ ದಾರಿ. ಅದಕ್ಕೇ ಗಾಡಿ ಪೂರ್ತಿ ನಾಶವಾದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಗುಜರಿಗೆ ಕೊಡುವವರು ಇದನ್ನು ಅಸಡ್ಡೆ ಮಾಡಬಾರದು. ಓಡುತ್ತಿರುವ ಗಾಡಿಯ ಗುರುತನ್ನೂ ಹೀಗೆ ಎತ್ತಬಹುದು, ಅದಕ್ಕೆ ಬೇಕಾದದ್ದೆಲ್ಲ ಜಾಹೀರಾತಿನಲ್ಲಿ ಸಿಗುತ್ತದೆ: ಮಾಡೆಲ್, ಬಣ್ಣ, ವರ್ಷ, ಎರಡು ನಂಬರ್, ಆರ್‌ಸಿ ಹೇಗಿದೆ ಅನ್ನುವ ಮಾದರಿ. ಆಮೇಲೆ ಎಲ್ಲೋ ಸಿಗ್ನಲ್ ಹಾರಿದ ದಂಡ ನಿಮ್ಮ ಮೊಬೈಲಿಗೆ ಬರುತ್ತದೆ.

ಹಾಗಂತ ಕೊಳ್ಳುವವನಿಗೆ ಚಾಸಿಸ್ ನಂಬರ್ ಕೊಡುವುದೇ ಇಲ್ಲ ಅಂದರೆ ಅದು ಅನ್ಯಾಯ. ಅವನ ದುಡ್ಡನ್ನು ಕಾಯುವುದೂ ಅದೇ ನಂಬರ್. ಗಾಡಿ ಕಳವಿನದಾ, ಸಾಲ ಇದೆಯಾ, ಶೋರೂಮಿನಲ್ಲಿ ಸರ್ವಿಸ್ ಆಗಿದ್ದು ನಿಜವಾ ಅಂತ ತಿಳಿಯಲು ಅದು ಬೇಕೇ ಬೇಕು. ಹಾಗಾಗಿ ನಾನು ಮಾಡಿಕೊಂಡ ಕ್ರಮ ಅಂದರೆ, ವಿವರಗಳನ್ನು ವ್ಯಾಪಾರ ಮುಂದುವರಿದ ಹಾಗೆ ಬಿಡುತ್ತಾ ಹೋಗುವುದು.

ಜಾಹೀರಾತಿನಲ್ಲಿ ಕೆಎ-17 ಅನ್ನುವ ದಾವಣಗೆರೆ ಆರ್‌ಟಿಒ ಕೋಡ್, ಯಾವ ವರ್ಷದ ಮಾಡೆಲ್, ಎಷ್ಟನೇ ಓನರ್, ಎಷ್ಟು ಕಿಲೋಮೀಟರ್, ಇನ್ಶೂರೆನ್ಸ್ ಎಲ್ಲಿಯವರೆಗೆ, ಇಷ್ಟೇ. ಫೋಟೊ ತೆಗೆಯುವಾಗ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಮುಚ್ಚುತ್ತೇನೆ. ಜನ ಅಲ್ಲಿಗೆ ನಿಲ್ಲಿಸುತ್ತಾರೆ, ಅದು ಸಾಲದು. ಮುಂದಿನ ಗಾಜಿನ ಕೆಳಮೂಲೆ, ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್, ಬಾನೆಟ್ ಎತ್ತಿದ ಫೋಟೊದಲ್ಲಿ ಬರುವ ತಯಾರಕರ ಪ್ಲೇಟು, ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿರುವ ಸರ್ವಿಸ್ ಬಿಲ್ಲು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರ್ ಎಲ್ಲವನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಮುಚ್ಚುವಾಗ ಮೊಬೈಲಿನ ಹೈಲೈಟರ್ ಬ್ರಷ್ ಉಪಯೋಗಿಸಬೇಡಿ, ಬ್ರೈಟ್‌ನೆಸ್ ಏರಿಸಿದರೆ ಅದರಡಿಯ ಅಕ್ಷರ ಓದಬಹುದು. ಗಟ್ಟಿ ಬಣ್ಣದ ಚೌಕ ಇಟ್ಟು, ಆಮೇಲೆ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಹಾಕುತ್ತೇನೆ. ಫೋಟೊ ತೆಗೆಯುವುದು ನನ್ನ ಅಂಗಡಿ ಮುಂದೆ, ಮಾಲೀಕರ ಮನೆ ಮುಂದೆ ಅಲ್ಲ.

ಫೋನ್ ಮಾಡಿ ನಾಲ್ಕು ಮಾತಾಡಿ, ನೋಡಲು ಬರುತ್ತೇನೆ ಅಂದವರಿಗೆ ಗಾಡಿ ನಂಬರ್ ಕೊಡುತ್ತೇನೆ. ಅದೊಂದರಿಂದಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಮಾಡೆಲ್, ನೋಂದಣಿ ದಿನ, ಇನ್ಶೂರೆನ್ಸ್ ಅವಧಿ ಕಾಣುತ್ತವೆ. ಮಾಲೀಕರ ಹೆಸರಿನ ಅಕ್ಷರಗಳನ್ನು ನಡುನಡುವೆ ನಕ್ಷತ್ರ ಹಾಕಿ ಮರೆಮಾಡಿರುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ವಾಹನ ನೋಂದಣಿಯ ಮಾಹಿತಿಯನ್ನು ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿಗೆ ಕೊಡುವ ನೀತಿ ತಂದಿತ್ತು. ಖಾಸಗಿತನದ ಪ್ರಶ್ನೆ ಎದ್ದು 2020ರ ಜೂನ್‌ನಲ್ಲಿ ಅದನ್ನು ಕೈಬಿಟ್ಟರು. ಒಮ್ಮೆ ಹೊರಗೆ ಹೋದ ಪಟ್ಟಿ ವಾಪಸ್ ಬರುವುದಿಲ್ಲ ಅನ್ನುವುದು ನನ್ನ ನಂಬಿಕೆ. ಅದಕ್ಕೇ ಹೊಸದಾಗಿ ಇನ್ನೊಂದು ಎಳೆ ಸೇರಿಸಲು ನನಗೆ ಮನಸ್ಸಿಲ್ಲ.

ಚಾಸಿಸ್ ನಂಬರ್ ಗಾಡಿಯ ಪಕ್ಕದಲ್ಲೇ. ಬಂದವರ ಎದುರಿಗೆ ಒದ್ದೆ ಬಟ್ಟೆಯಿಂದ ಪಂಚಿಂಗ್ ಜಾಗ ಒರೆಸಿ, ಒಣಗಿದ ಮೇಲೆ ತೆಳ್ಳನೆ ಕಾಗದದ ಪಟ್ಟಿ ಇಟ್ಟು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜುತ್ತೇನೆ. ಅಕ್ಷರಗಳು ಒಂದೊಂದಾಗಿ ಬಿಳಿಯಾಗಿ ಮೇಲೇಳುತ್ತವೆ. ಆ ಪೆನ್ಸಿಲ್ ಪ್ರಿಂಟನ್ನು ಅವರ ಕೈಗೇ ಕೊಟ್ಟು ಆರ್‌ಸಿ ಜೊತೆ ಹೋಲಿಸಿ ಓದಿ ಅನ್ನುತ್ತೇನೆ. ಅಕ್ಷರಗಳ ನಡುವಿನ ಅಂತರ ಒಂದೇ ಸಮ ಇದೆಯಾ, ಯಾವುದಾದರೂ ಅಂಕಿ ಆಳವಾಗಿ ಕೂತಿದೆಯಾ, ಸುತ್ತ ಗ್ರೈಂಡ್ ಮಾಡಿದ ಗೀರು, ವೆಲ್ಡಿಂಗ್ ಗುರುತು, ಹೊಸ ಪೇಂಟ್ ಇದೆಯಾ ಅಂತ ಬೆರಳಾಡಿಸಿ ನೋಡಬೇಕು. ರೀಪಂಚ್ ಮಾಡಿದ್ದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಆಮೇಲೆ ಅಲ್ಲೇ ಕೂತು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ವಾಹನ ಪರಿಶೀಲನೆ ಸೇವೆಯಲ್ಲಿ ಗಾಡಿ, ಚಾಸಿಸ್, ಎಂಜಿನ್ ನಂಬರ್ ಹಾಕಿ ಕಳವಿನ ದಾಖಲೆ ಇದೆಯಾ ಅಂತ ಅವರ ಕಣ್ಣೆದುರೇ ನೋಡಿಸುತ್ತೇನೆ. ಆರ್‌ಸಿಯನ್ನು ಮಾಲೀಕರ ಮೊಬೈಲಿನ ಡಿಜಿಲಾಕರ್‌ನಲ್ಲೇ ತೆರೆದು ತೋರಿಸಿದರೆ ನಕಲಿ ಕಾರ್ಡಿನ ಸಂಶಯವೂ ಹೋಗುತ್ತದೆ.

ಪೆನ್ಸಿಲ್ ಪ್ರಿಂಟಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಂತ ದೂರದವರು ಬಹಳ ಸಲ ಕೇಳುತ್ತಾರೆ. ಅದನ್ನು ನಾನು ಯಾರಿಗೂ ಕಳಿಸುವುದಿಲ್ಲ. ಟೈಪ್ ಮಾಡಿದ ನಂಬರಿಗೂ ಪ್ರಿಂಟಿಗೂ ವ್ಯತ್ಯಾಸವಿದೆ. ಪ್ರಿಂಟಿನಲ್ಲಿ ಆ ಪಂಚಿಂಗಿನ ಅಕ್ಷರದ ಆಕಾರ, ಅಳತೆ, ಅಂತರ ಎಲ್ಲಾ ಇರುತ್ತದೆ, ನಕಲು ಹೊಡೆಯುವವನಿಗೆ ಅದಕ್ಕಿಂತ ಒಳ್ಳೆ ಅಚ್ಚು ಬೇಡ. ದೂರದವರಾದರೆ ವಿಡಿಯೊ ಕಾಲ್‌ನಲ್ಲಿ ತೋರಿಸುತ್ತೇನೆ, ಅಥವಾ ಅವರ ಕಡೆಯ ಮೆಕ್ಯಾನಿಕ್ ಯಾರಾದರೂ ಬರಲಿ ಅನ್ನುತ್ತೇನೆ. ಅಡ್ವಾನ್ಸ್ ಕೈಗೆ ಬಂದು, ಕೊಳ್ಳುವವರ ಆಧಾರ್ ನಾನು ನೋಡಿದ ಮೇಲೆ ಆರ್‌ಸಿ ಜೆರಾಕ್ಸ್ ಕೊಡುತ್ತೇನೆ. ಅದರ ಮೇಲೆ ಅಡ್ಡಲಾಗಿ, ಇಂಥವರಿಗೆ ಇಂಥ ದಿನ ಖರೀದಿ ಪರಿಶೀಲನೆಗೆ ಮಾತ್ರ ಕೊಟ್ಟದ್ದು ಅಂತ ಬರೆದು, ಚಾಸಿಸ್ ಸಾಲಿನ ಮೇಲೂ ಆ ಬರಹ ಹಾಯುವ ಹಾಗೆ ನೋಡಿಕೊಳ್ಳುತ್ತೇನೆ. ಬ್ಯಾಂಕ್ ಲೋನ್ ಆಗುವುದಾದರೆ ಬ್ಯಾಂಕಿಗೆ ನೇರ ತಲುಪಿಸುತ್ತೇನೆ, ಮಧ್ಯದ ಏಜೆಂಟಿನ ಫೋನಿಗೆ ಹಾಕುವುದಿಲ್ಲ.

ಇದರಿಂದ ಗಿರಾಕಿ ಕೈತಪ್ಪುವುದಿಲ್ಲವಾ ಅಂದರೆ, ಕೆಲವರು ಸಿಟ್ಟು ಮಾಡಿಕೊಂಡು ಫೋನ್ ಇಡುತ್ತಾರೆ, ಹೌದು. ಗಾಡಿ ನೋಡಲು ಬರದೆ, ರೇಟು ಮಾತಾಡದೆ, ಮೊದಲ ಮೆಸೇಜಿನಲ್ಲೇ ಆರ್‌ಸಿ ಎರಡೂ ಬದಿ ಕಳಿಸಿ ಅನ್ನುವವರಲ್ಲಿ ಗಾಡಿ ಕೊಂಡವರನ್ನು ನಾನು ನೋಡಿಲ್ಲ. ನೀವು ಕೊಳ್ಳುವ ಕಡೆ ಇದ್ದರೆ ಇದೇ ಮಾತು ತಿರುಗಿಸಿ ಹೇಳುತ್ತೇನೆ: ಗಾಡಿ ಪಕ್ಕದಲ್ಲಿ ನಿಂತ ಮೇಲೂ ಚಾಸಿಸ್ ತೋರಿಸಲು ಹಿಂದೇಟು ಹಾಕುವವನ ಹತ್ತಿರ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಮಾರಿದ ಮೇಲೆ ಜಾಹೀರಾತನ್ನು ‘ಸೋಲ್ಡ್’ ಅಂತ ಗುರುತು ಹಾಕಿ ಬಿಡುವುದಿಲ್ಲ, ಡಿಲೀಟ್ ಮಾಡಿಸುತ್ತೇನೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಹಿ ಆಗಿ ಹೆಸರು ಬದಲಾಗುವವರೆಗೆ ಮಾಲೀಕರು ತಮ್ಮ ನೋಂದಾಯಿತ ಮೊಬೈಲ್ ನಂಬರ್ ಬದಲಿಸಬಾರದು, ಬಂದ ಒಟಿಪಿಯನ್ನು ನನಗೂ ಫೋನಿನಲ್ಲಿ ಹೇಳಬಾರದು. ಆರ್‌ಟಿಒ ಕೆಲಸಕ್ಕೆ ಬೇಕಾದಾಗ ಅವರೇ ಕೂತು ತುಂಬುತ್ತಾರೆ. ಫಾಸ್ಟ್‌ಟ್ಯಾಗ್ ಮುಚ್ಚಿಸುವುದು ಗಾಡಿ ಕೀ ಕೊಡುವ ದಿನವೇ. ಆಮೇಲೆ ಪರಿವಾಹನ್‌ನಲ್ಲಿ ಹೊಸ ಮಾಲೀಕರ ಹೆಸರಿನ ಮೊದಲ ಅಕ್ಷರ ಬಂದಿದೆಯಾ ಅಂತ ನೋಡಿ, ಅದರ ಸ್ಕ್ರೀನ್‌ಶಾಟನ್ನು ಹಳೆ ಮಾಲೀಕರಿಗೆ ಕಳಿಸಿ, ನನ್ನ ಫೋನಿನಲ್ಲಿರುವ ಅವರ ಆರ್‌ಸಿ ಫೋಟೊಗಳನ್ನು ಗ್ಯಾಲರಿಯಿಂದಲೂ ವಾಟ್ಸ್‌ಆ್ಯಪ್‌ನಿಂದಲೂ ಅಳಿಸುತ್ತೇನೆ.